ಇಪ್ಪತ್ತರಿಂದ ಶುರುವಾಗುವ ಹಾಜರಿ

ಶಾಲೆ ಬಿಟ್ಟು ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಮಳೆ ನಿಲ್ಲಲೆಂದು ನಾವು ನಾಲ್ವರು ಟೀಚರುಗಳು ಸ್ಟಾಫ್ ರೂಮಿನಲ್ಲಿ ಕಾಯುತ್ತಿದ್ದೆವು. ಅದು ನನ್ನ ಮೊದಲ ದಿನ. ಮೂರನೇ ಕ್ಲಾಸಿನಲ್ಲಿ ನಲವತ್ತೊಂದಕ್ಕೆ ನಲವತ್ತೊಂದೂ ಹಾಜರಿ ಎಂದು ಜಂಬದಿಂದ ಹೇಳಿದೆ. ಎಲ್ಲರೂ ಗಂಟೆ ತಾತ ಎಂದು ಕರೆಯುವ ಮುದಿ ಜವಾನರು ಟೀ ಲೋಟ ಕೆಳಗಿಟ್ಟರು.

"ತಲೆ ಬಗ್ಗಿಸ್ಕೊಂಡು ಬರೀ ನಂಬರು ಕೂಗಿದ್ರಿ ಅಲ್ವಾ ಟೀಚರಮ್ಮ? ಬೆಂಚಲ್ಲಿ ಕೂತವರನ್ನ ಎಣಿಸಿದ್ರಾ? ಇಪ್ಪತ್ತೆರಡೇ ಇರೋದು. ಆ ಕ್ಲಾಸಿನ ಹಾಜರಿ ಇಪ್ಪತ್ತನೇ ನಂಬರಿಂದ ಶುರು... ಮೊದಲ ಹತ್ತೊಂಬತ್ತನ್ನ ಯಾರಿಗೂ ಕೊಡಲ್ಲ. ಗೇಟಿನ ಮೇಲೆ ಓದಿದ್ರಲ್ಲ, 'ಹತ್ತೊಂಬತ್ತು ಮಕ್ಕಳ ಸ್ಮಾರಕ ಶಾಲೆ' ಅಂತ? ಅವರದ್ದು.

"ಇಲ್ಲೇ ಹಳೇ ಕಟ್ಟಡ ಇತ್ತು. ಮಳೆ ಬಂದ್ರೆ ಸಾಕು, ಮೂರನೇ ಕ್ಲಾಸಿನ ಪಿಳ್ಳೆಗಳು ಹಿಂದಿನ ಬಾಗಿಲಿಂದ ನುಸುಳಿ ನೀರಾಡೋಕೆ ಹೋಗೋವು. ಅವತ್ತು ದೊಡ್ಡ ಸಾಹೇಬ್ರು ತಪಾಸಣೆಗೆ ಬಂದಿದ್ರು. ಹೆಡ್‌ಮಾಸ್ಟರು 'ಬೀಗ ಜಡಿ' ಅಂದ್ರು, ಜಡಿದೆ. ಕೀಲಿಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು, ಮೇಷ್ಟ್ರುಗಳೆಲ್ಲ ಕೈಕಟ್ಟಿ ನಿಂತಿದ್ದ ರೂಮಲ್ಲಿ ಸಾಹೇಬ್ರಿಗೆ ಟೀ ಕೊಡ್ತಾ ನಿಂತೆ. ಅತ್ಲಾಗೆ ಸೂರು ಜಗ್ಗಿ ಮುಂಬಾಗಿಲು ಕಚ್ಕೊಂಡಿತ್ತಂತೆ... ನಮಗೇನು ಗೊತ್ತು? ಹಿಂಬಾಗಿಲು ಬಡಿಯೋದು ಕೇಳಿಸ್ತು. 'ತಾತಾ... ತಾತಾ...' ಅಂತ ಕೂಗಿದ್ದೂ ಕೇಳಿಸ್ತು. 'ಕಪಿಗಳು, ಬಡ್ಕೊಳ್ಳಲಿ ಬಿಡು' ಅಂದ್ರು ಹೆಡ್‌ಮಾಸ್ಟರು. ಬಿಟ್ಟೆ.

"ಸೂರು ಬಿತ್ತು. ತಪ್ಪನ್ನ ಮಳೆ ತಲೆಗೆ ಕಟ್ಟಿದ್ರು. ಅದೇ ಹೆಡ್‌ಮಾಸ್ಟರು ಹೊಸ ಶಾಲೆಗೆ ಮಕ್ಕಳ ಹೆಸರಿಟ್ಟು, ಕಣ್ಣೊರೆಸ್ಕೊಂಡು ಹಾರ ಹಾಕಿಸ್ಕೊಂಡ್ರು. ಥೂ! ನಾನೇನು ಕಮ್ಮೀನಾ? ಬೀಗದ ಮಾತೆತ್ತದೆ ಕೆಲಸ ಉಳಿಸ್ಕೊಂಡೆ.

"ಮಳೆ ದಿನ ಯಾರಾದ್ರೂ ಒಂದರಿಂದ ಕೂಗಿದ್ರೆ ಅವು ಬರ್ತಾವೆ. ಬರಲಿ ಬಿಡಿ, ಪಾಪ... ಪಾಠ ಕೇಳ್ತಾವೆ, ಸಂಜೆ ಹಿಂದಿನ ಬಾಗಿಲಿಂದ ಹೊರಟುಹೋಗ್ತಾವೆ. ಅದಕ್ಕೇ ಆ ಬಾಗಿಲಿಗೆ ನಾನು ಚಿಲಕಾನೂ ಹಾಕಲ್ಲ."

"ಎರಚಲು ಒಳಗೆ ಬರ್ತಿತ್ತು ತಾತ... ನಾನು ಹಾಕ್ಬಿಟ್ಟೆ" ಎಂದೆ.

ತಾತ ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

"ಓಡು ತಾಯಿ, ತೆಗಿ... ಆಗಿನಿಂದ ಬಡೀತಿರೋದು ಮಳೆ ಅಂದ್ಕೊಂಡ್ಯಾ? ಅವತ್ತು ನಾನೂ ಹೀಗೇ ಟೀ ಲೋಟ ಹಿಡ್ಕೊಂಡು ಕೇಳ್ತಾ ನಿಂತಿದ್ದೆ."