ಮೊದಲ ಗ್ಲಾಸು

ನಗಬೇಡ. ಮೈಯೆಲ್ಲ ಉರಿಯುತ್ತೆ ನನಗೆ. ಅಕ್ಕ ಬಯ್ತಿದ್ರೆ ಗ್ಲಾಸ್ ಹಿಡ್ಕೊಂಡು ಹಲ್ಲು ಕಿರಿಯೋದಲ್ಲ. ಮೊದಲು ಆ ಬಾಗಿಲು ಹಾಕು, ನೆಲಮಾಳಿಗೆಯ ತಂಪೆಲ್ಲ ಹೊರಗೆ ಹೋಗ್ತಿದೆ. ಮೇಲೆ ಕೂತಿರೋರು ಸ್ವಲ್ಪ ಹೊತ್ತು ಕಾದ್ರೆ ಅವರ ಗಂಟೇನೂ ಹೋಗಲ್ಲ. ವೈನ್ ಕೊಳ್ಳೋಕೆ ಬಂದಿದಾರೆ, ರೈಲು ಹಿಡಿಯೋಕಲ್ಲ.

ಏನಂದೆ ಅವರಿಗೆ? ಕೇಳಿಸ್ತು ನನಗೆ. "ನಮ್ಮ ವೈನಲ್ಲಿ ಕೆಡದಂತೆ ಹಾಕೋ ಗಂಧಕದ ಪುಡಿ ಚಿಟಿಕೆ ಕೂಡ ಇಲ್ಲ, ದ್ರಾಕ್ಷಿ ಬಿಟ್ರೆ ಬೇರೇನಿಲ್ಲ, ನೋಡ್ತಿರಿ, ನಾನೇ ಮೊದಲ ಗ್ಲಾಸ್ ಕುಡೀತೀನಿ." ಪ್ರತಿ ಸಲ ಅದೇ ನಾಟಕ. ಅಂಗಡಿ ವೈನ್ ಆದ್ರೆ ನಿನಗೆ ಮೂಸಿದ್ರೇ ಗೊತ್ತಾಗುತ್ತೆ, ಆ ಪುಡಿಗೆ ಬೆಂಕಿಕಡ್ಡಿ ಗೀರಿದ ವಾಸನೆ. ಒಂದು ಗುಟುಕು ಇಳಿದ್ರೆ ಎದೆ ಕಟ್ಟಿ ಶಿಳ್ಳೆ ಹೊಡೆಯುತ್ತೆ. ಅಂಥವನು ಇಡೀ ಗ್ಲಾಸ್ ಖಾಲಿ ಮಾಡಿ ಆರಾಮಾಗಿ ಹರಟೆ ಹೊಡೆದ ಅಂದ್ರೆ ಬೇರೆ ಸಾಕ್ಷಿ ಯಾರಿಗೆ ಬೇಕು? ಚಪ್ಪಾಳೆ ನಿನಗೆ. ಚಾಕರಿ ಯಾರಿಗೆ?

ಹೇಳು, ಯಾರಿಗೆ? ಗೋಡೆ ನೋಡಬೇಡ. ಕೊಳೆತ ದ್ರಾಕ್ಷಿ ಆರಿಸಿ ಆರಿಸಿ ಬೆನ್ನು ಬಿದ್ದುಹೋದದ್ದು ನಂದು. ಕುದಿಯೋ ನೀರಲ್ಲಿ ಪೈಪ್ ತೊಳೆದು ಕೈ ಸುಟ್ಕೊಂಡವಳು ನಾನು. ಪುಡಿ ಹಾಕೋರು ಟ್ಯಾಂಕ್ ಮುಚ್ಚಿ ಗೊರಕೆ ಹೊಡೀತಾರೆ. ನಮಗೆಲ್ಲಿ ಆ ಭಾಗ್ಯ? ಟ್ಯಾಂಕ್ ಕಂಠದ ತನಕ ತುಂಬಿರಬೇಕು. ಮೇಲೆ ಬೊಗಸೆಯಷ್ಟು ಗಾಳಿ ಉಳಿದ್ರೂ ಸಾಕು, ಹೆಚ್ಚಿಟ್ಟ ಸೇಬಿನ ಹಾಗೆ ವೈನ್ ಕಂದು ತಿರುಗುತ್ತೆ. ಎಷ್ಟು ಸಲ ಬಡ್ಕೊಂಡಿದೀನಿ ನಿನ್ನ ಮುಂದೆ?

ಆದ್ರೂ ನೀನೇ ಮಾಡಿದ್ದು. ಹೌದು, ನೀನೇ. ಗೆಳೆಯರು ಬಂದ್ರು ಅಂತ ಟ್ಯಾಂಕಿಂದ ಜಗ್‌ಗಟ್ಟಲೆ ಬಸ್ಕೊಂಡು ಹೋದೆ. ಕಡಿಮೆ ಆದದ್ದನ್ನ ತುಂಬಿಸಬೇಕು ಅನ್ನೋ ಜ್ಞಾನ ಬೇಡವಾ? ಮುಚ್ಚಳ ತೆಗೆದು ನೋಡ್ತೀನಿ, ಬಣ್ಣ ಆಗಲೇ ತಿರುಗ್ತಿದೆ... ಹೋದ ವರ್ಷದ್ದನ್ನ ಪೂರ್ತಿ ಚರಂಡಿಗೆ ಸುರಿದವಳು ನಾನು ಕಣೋ. ನೀನು ಮುಸುಕು ಹಾಕ್ಕೊಂಡು ಮಲಗಿಬಿಟ್ಟೆ. ಈ ವರ್ಷವೂ ಹಾಳಾದ್ರೆ ಈ ಬಾಗಿಲಿಗೆ ಬೀಗವೇ ಗತಿ, ಗೊತ್ತಿತ್ತು ತಾನೆ?

ಹಾಗೇನು ನೋಡ್ತೀಯ? ಹೆಂಗೆ ಸರಿಹೋಯ್ತು ಅಂತಲಾ? ಸರಿಹೋಯ್ತಪ್ಪಾ. ಮೇಲಿನದ್ದು ತೆಗೆದೆ, ಉಳಿದದ್ದನ್ನ ಚಿಕ್ಕ ಟ್ಯಾಂಕಿಗೆ ಹಾಕಿ ತುಂಬಿಸಿದೆ, ಅಷ್ಟೆ. ಬೆಳಕಿಗೆ ಹಿಡಿದು ನೋಡು, ಎಷ್ಟು ತಿಳಿಯಾಗಿದೆ. ಒಂದು ಒಳ್ಳೇ ಮಾತು ಆಡೋದು ಬಿಟ್ಟು ಯಾಕೆ ಮತ್ತೆ ಮತ್ತೆ ಮೂಸ್ತೀಯ? ಬೆಂಕಿಕಡ್ಡಿ ವಾಸನೆನಾ? ಅದು ನಾನೇ ಗೀರಿದ್ದು. ಕರೆಂಟ್ ಹೋಗಿತ್ತು, ಮೇಣದಬತ್ತಿ ಹಚ್ಚಿದೆ.

...ನೀನು ವಾಸನೆ ಅಂತ ಹೇಳಲೇ ಇಲ್ಲ, ಸರಿ. ಬಂದಿದ್ರೆ ಅಂತ ನಾನೇ ಅಂದೆ.

ನೋಡು, ನಿನಗೆ ನೆಗಡಿ. ಈ ಸಲ ನೀನು ಕುಡಿಯೋದು ಬೇಡ. ಮೇಲೆ ಕೂತಿರೋ ಆ ದಪ್ಪ ಮೀಸೆಯೋರೇ ಮೊದಲು ಕುಡೀಲಿ, ಕೊಳ್ಳೋರು ಅವರಲ್ವಾ? ಒಂದು ಸಲ ನಿನ್ನ ನಾಟಕ ಇಲ್ಲದಿದ್ರೆ ಪ್ರಪಂಚ ಮುಳುಗಲ್ಲ. ಯಾಕೆ ಅಂತ ಕೇಳು. ಕೇಳೋ.

ಇದನ್ನೆಲ್ಲ ಶುರು ಮಾಡಿದ್ದೇ ನಿನಗೋಸ್ಕರ. ಎಲ್ಲರೂ ಕುಡಿಯೋವಾಗ ನೀನೊಬ್ಬ ನೀರಿನ ಲೋಟ ಹಿಡ್ಕೊಂಡು ಮೂಲೇಲಿ ಕೂತಿರ್ತಿದ್ದೆ, ನೋಡೋಕಾಗ್ತಿರಲಿಲ್ಲ ನನಗೆ. ಮೊದಲ ವರ್ಷದ್ದು ನೆನಪಿದೆಯಾ? ಈ ಮೆಟ್ಟಿಲ ಮೇಲೇ ಕೂತಿದ್ವಿ. ತಣ್ಣಗಿತ್ತು, ಹಸಿ ಸೇಬಿನ ಘಮ... ಪೂರ್ತಿ ಕುಡಿದೆ ನೀನು. ಕುಡಿದು ನಕ್ಕೆ. ಅಷ್ಟು ಜೋರಾಗಿ ನಕ್ಕರೂ ಒಂದು ಸಲ ಕೆಮ್ಮಲಿಲ್ಲ. ನನಗೆ ಅಳು ಬಂದಿತ್ತು.

ಏನಿದು? ಉಬ್ಬಸದ ಪಂಪ್ ಯಾಕೆ ನನ್ನ ಕೈಗೆ ಕೊಡ್ತೀಯ? ಗೊತ್ತು, ಪ್ರತಿ ಸಲ ಕೊಡ್ತೀಯ. ಜೇಬಲ್ಲಿ ಇಲ್ಲದೇನೇ ಕುಡೀತೀನಿ ಅಂತ ತೋರಿಸೋಕೆ, ಅಕ್ಕ ಮಾಡಿದ್ದಕ್ಕೆ ಪಂಪ್ ಬೇಡ ಅಂತ. ಈ ಸಲ ಬೇಡ. ಇಟ್ಕೋ. ತಗೋ ಅಂದೆ... ಬಯ್ಯೋ ಹಾಗಿದ್ರೆ ಬಯ್ಯಿ, ಕೂಗಾಡು. ಗ್ಲಾಸ್ ಯಾಕೆ ಎತ್ತಿದೆ? ಲೋ. ಕೆಳಗಿಡು. ತುಟಿಗೆ ತರಬೇಡ... ಬೇಡ ಕಣೋ, ಕೊಡಿಲ್ಲಿ! ಇದು ನೀನು ಕುಡಿಯೋ ವೈನಲ್ಲ.