ಸನ್ನಿಧಿಯ ಮೂಗು ಯಾರದ್ದು

ಅಧ್ಯಕ್ಷ ಪೀಠದಲ್ಲಿರುವ ಲೋಕನಾಥ ಅಂಕಲ್ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಬಿಸಿಬೇಳೆಬಾತಿನ ಪರಿಮಳ ಒಳಗೆ ಬರುತ್ತಿದ್ದರೂ ಕದಲದೆ ಕುಳಿತಿರುವ ಸಭಿಕರೇ,

ನೀವು ಹೊದಿಸಿದ ಶಾಲು ನನ್ನ ಹೆಗಲ ಮೇಲೆ ನಿಲ್ಲುತ್ತಿಲ್ಲ. ಪ್ರತೀಕ್ ಮತ್ತು ನಿಶ್ಮಿತಾ ಅಕ್ಕನ ಮಗು ಸನ್ನಿಧಿ ಬೆನ್ನುಹುರಿಯ ದೋಷದೊಂದಿಗೆ ಹುಟ್ಟಿದಾಗ ಪರದೇಶದ ಈ ನಮ್ಮ ಕನ್ನಡ ಸಂಘವನ್ನೆಲ್ಲ ಅವರ ಬೆಂಬಲಕ್ಕೆ ನಿಲ್ಲಿಸಿದವಳು ಈ ತಹ್ರೀಮ್ ಎಂದು ಸನ್ಮಾನ ಪತ್ರದಲ್ಲಿ ಈಗಷ್ಟೇ ಓದಿದಿರಿ. ಹೇಗೆ ನಿಲ್ಲಿಸಿದೆ? ಬಾಗಿಲ ಹೊರಗೆ ನಿಲ್ಲಿಸಿದೆ.

ಆಸ್ಪತ್ರೆಗಳಲ್ಲಿ ಸಿಗುವ ಕರಪತ್ರಗಳನ್ನು ಓದಿ ನಾನೇ ಕನ್ನಡದಲ್ಲಿ ಒಂದನ್ನು ಬರೆದೆ. ಏನೇನು ಹೇಳಬಾರದು ಎಂದು. ಗ್ರಹಣದ ದಿನ ಹೊರಗೆ ಹೋಗಿದ್ದೆಯಾ ಎಂದು ತಾಯಿಯನ್ನು ಕೇಳಬೇಡಿ ಎಂದಿದ್ದೆ. ಆ ಸಾಲನ್ನು ಇಂದಿಗೂ ಅಳಿಸುವುದಿಲ್ಲ. ಆದರೆ ಮಗುವಿನ ರೂಪದ ಬಗ್ಗೆ ಮಾತೇ ಬೇಡ, ಯಾರ ಹಾಗಿದೆ ಎನ್ನಬೇಡಿ, ಊಟ ತಂದರೆ ಬಾಗಿಲಲ್ಲಿಟ್ಟು ಹೊರಡಿ ಎಂದೂ ಬರೆದೆ.

ಅದನ್ನೇಕೆ ಬರೆದೆ? ನಾನು ಹುಟ್ಟಿದ ದಿನ ಮೈಸೂರಿನಲ್ಲಿ ನಮ್ಮ ಅಜ್ಜಿ ಅನ್ವರಿ, “ಕಿವಿ ನೋಡಿ, ಥೇಟ್ ನಮ್ಮ ಸಲೀಂ” ಎಂದರಂತೆ. ಸಲೀಂ ಮಾಮ ಎರಡನೇ ಸಾಲಿನಲ್ಲಿದ್ದಾರೆ. ಕಿವಿ ನೀವೇ ನೋಡಬಹುದು. ಆ ಮಾತಿನ ಮೇಲೆ ನನಗೆ ಬೆಳೆಯುವಷ್ಟೂ ಕಾಲ ಸಿಟ್ಟಿತ್ತು. ಅಷ್ಟು ದಿನವೂ ನಾನು ಯಾರ ಮನೆಯವಳು ಎಂಬ ಅನುಮಾನ ಮಾತ್ರ ಒಮ್ಮೆಯೂ ಬರಲಿಲ್ಲ, ಅದಕ್ಕೆ ಆ ಮಾತೇ ಕಾರಣ ಎಂಬುದು ಹೊಳೆಯಲೇ ಇಲ್ಲ.

ನನ್ನ ಕರಪತ್ರವನ್ನು ನೀವೆಲ್ಲ ಪಾಲಿಸಿದಿರಿ. ನಾವು ಸೇರಿರುವ ಇದೇ ಶಾಲೆಯ ಪಾರ್ಕಿಂಗ್ ನಿಯಮವನ್ನೂ ನಮ್ಮ ಜನ ಹಾಗೆ ಪಾಲಿಸಿದ್ದಿಲ್ಲ. ಸುಗಂಧಿ ಆಂಟಿ ಬಾಣಂತಿ ಲೇಹ್ಯ ಮಾಡಿಕೊಂಡು ಬ್ರಿಡ್ಜ್‌ವಾಟರ್‌ನಿಂದ ಕೆಂಡಲ್ ಪಾರ್ಕ್‌ನ ಅವರ ಮನೆಗೆ ಡ್ರೈವ್ ಮಾಡಿದರು. ಆಮೇಲೆ ನನಗೆ ಫೋನ್ ಮಾಡಿ, “ಮಗೂನ ನೋಡ್ಲಿಲ್ಲಮ್ಮ. ಬಾಯಿ ತಪ್ಪಿ ಏನಾದ್ರೂ ಅಂದ್ಬಿಟ್ರೆ ಅಂತ ಬಾಗಿಲಲ್ಲೇ ಇಟ್ಟು ಬಂದೆ” ಎಂದರು. ನಾನು “ಗುಡ್, ಆಂಟಿ” ಎಂದೆ.



ಇವತ್ತು ಮಧ್ಯಾಹ್ನ ನಿಶ್ಮಿತಾ ಅಕ್ಕ ಮಗುವಿನೊಂದಿಗೆ ಕಾರಿನಲ್ಲೇ ಕುಳಿತಿದ್ದರು. ಒಳಗೆ ಬನ್ನಿ ಎಂದೆ. ಅವರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ: “ನಿನ್ನ ಸನ್ಮಾನ ನೋಡಿ ಹೋಗ್ತೇನೆ, ಊಟಕ್ಕೆ ನಿಲ್ಲುದಿಲ್ಲ. ಇನ್ನು ಈ ಸಂಘಕ್ಕೆ ಬರುದೂ ಇಲ್ಲ. ಡಬ್ಬಿ ಬಂತು, ಮನುಷ್ಯರು ಬರ್ಲಿಲ್ಲ. ಇವಳು ಯಾರ ಹಾಗೆ ಉಂಟು ಅಂತ ಒಬ್ಬರಾದ್ರೂ ಹೇಳಿದ್ದಾರಾ ಮಾರಾಯ್ತಿ? ಕಾಲು ಆಡುದಿಲ್ಲ, ಸರಿ. ಮುಖವೂ ಇಲ್ವಾ ಇವಳಿಗೆ?”

ಅದಕ್ಕೆ ಯಾವ ಕರಪತ್ರದಲ್ಲೂ ಉತ್ತರ ಇರಲಿಲ್ಲ. ನಾನೂ ಆ ಮನೆಗೆ ಎಷ್ಟೋ ಸಲ ಹೋಗಿದ್ದೇನೆ. ಔಷಧಿ, ಆಪರೇಷನ್, ಇನ್ಶೂರೆನ್ಸ್ ಎಲ್ಲ ಮಾತಾಡಿದ್ದೇನೆ. ಮಗುವಿನ ಮೂಗು ಹೇಗಿದೆ ಎಂದು ಕೇಳಿದರೆ ಹೇಳಲಾರೆ. ಇದಕ್ಕಿಂತ ನಾಚಿಕೆ ಇನ್ನೇನಿದೆ?

ನಿಶ್ಮಿತಾ ಅಕ್ಕ ಈಗ ಮಗುವಿನೊಂದಿಗೆ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲಿದ್ದಾರೆ. ಚಪ್ಪಾಳೆ ತಟ್ಟಿದರೆ ಆ ಗದ್ದಲದಲ್ಲೇ ಹೊರಟುಬಿಡುತ್ತಾರೆ. ಆದ್ದರಿಂದ ದಯವಿಟ್ಟು ತಟ್ಟಬೇಡಿ. ಗ್ರಹಣದ ಸಾಲೊಂದನ್ನು ಬಿಟ್ಟು ಕರಪತ್ರವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಕೈ ತೊಳೆದುಕೊಂಡು, ತಾಯಿಯನ್ನು ಕೇಳಿ ಮಗುವನ್ನು ಎತ್ತಿಕೊಳ್ಳಿ. ಮೂಗು ಪ್ರತೀಕ್‌ದೋ, ಹಣೆ ಅಜ್ಜಿಯದೋ ಎಂದು ಜಗಳವಾಡಿ. ಊಟ ತಣ್ಣಗಾಗಲಿ.

ಇನ್ನೂ ಎರಡು ಮಾತು ಬರೆದುಕೊಂಡು ಬಂದಿದ್ದೆ. ಆದರೆ ಸುಗಂಧಿ ಆಂಟಿ ಆಗಲೇ ಎದ್ದು ಸೆರಗು ಸಿಕ್ಕಿಸಿಕೊಂಡು ಹಿಂದಕ್ಕೆ ನಡೆದಿದ್ದಾರೆ. ಆಂಟಿ, ಜೋರಾಗಿ ಹೇಳಿ, ಇಲ್ಲಿಗೂ ಕೇಳಿಸಲಿ.

ಕೇಳಿಸಿತು. ಮೂಗು ಥೇಟ್ ಪ್ರತೀಕ್‌ದೇ ಅಂತೆ. ನಿಮಗೆಲ್ಲ ಕೃತಜ್ಞಳು, ನಮಸ್ಕಾರ.