ಬಾವಿಗೆ ಹೋದ ಮೂವತ್ತೇಳು ಪೀಪುಗಳು

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಡುವೆ ಬಾಯಿ ಹಾಕಿದರೆ ನಾನು ಎದ್ದು ಹೋಗ್ತೀನಿ, ಅಷ್ಟೆ. ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನಮ್ಮ ಪಕ್ಕದ ಮನೆ ವರ್ನಾ ಕ್ಲಿಂಗಮನ್‌ಗೆ ಆದದ್ದು. ತೊಂಬತ್ತೆರಡರ ನವೆಂಬರ್. ಜಿಂಕೆ ಬೇಟೆ ಶುರುವಾಗೋಕೆ ಇನ್ನು ಎಂಟು ದಿನ.

ಅವತ್ತು ಭಾನುವಾರ. ನಮ್ಮ ಪೆನ್ಸಿಲ್ವೇನಿಯಾದ ಗುಡ್ಡಗಳಲ್ಲಿ ಆ ತಿಂಗಳು ಐದು ಗಂಟೆಗೇ ಕತ್ತಲು. ವರ್ನಾ ಕಾರ್ಖಾನೆಗೆ ಬೀಗ ಹಾಕಿ ಮನೆ ಕಡೆ ನಡೆದಳು. ನಡುವೆ ಅವರಪ್ಪನ ಹಳೇ ಬಾವಿ. ಅದನ್ನು ದಾಟಿ ಹತ್ತು ಹೆಜ್ಜೆ ಇಟ್ಟಿರಬೇಕು...

ಟಿಣ್...

ಬುಳುಕ್.

ನಿಂತಳು. ತಿರುಗಿದಳು. ಯಾರೂ ಇಲ್ಲ. ಗಾಳಿಯೂ ಇಲ್ಲ.

ಟಿಣ್... ಬುಳುಕ್.

ಆ ಸದ್ದು ಅವಳಿಗೆ ಹೊಸದಲ್ಲ. ಹುಟ್ಟಿದಾಗಿನಿಂದ ಕೇಳಿದ್ದು. ಸಣ್ಣ ಕಬ್ಬಿಣದ ಚೂರು ಮೊದಲು ಬಾವಿಯ ಕಲ್ಲಿಗೆ ಬಡಿದು, ಆಮೇಲೆ ನೀರಿಗೆ ಬೀಳುವ ಸದ್ದು. ಆದರೆ ಅದನ್ನು ಎಸೆಯುತ್ತಿದ್ದವನು ಏಪ್ರಿಲ್‌ನಲ್ಲೇ ಮಣ್ಣಾಗಿದ್ದ.

ಅವನೇ ಎಲ್ವುಡ್, ವರ್ನಾಳ ಅಪ್ಪ. ಯುದ್ಧ ಮುಗಿಸಿ ಬಂದವನು ಹಸು ಕಟ್ಟುವ ಕೊಟ್ಟಿಗೆಯಲ್ಲಿ ಕಬ್ಬಿಣ ಕಡೆಯುವ ಒಂದು ಹಳೇ ಲೇತ್ ಮೆಷಿನ್ ಇಟ್ಟುಕೊಂಡು ಪೀಪು ಮಾಡೋಕೆ ಕೂತ, ಅದೇ ಈ ಕಾರ್ಖಾನೆ. ಪೀಪು ಅಂದರೆ ಬೇಟೆ ಕೋವಿಯ ಬೆನ್ನಿಗೆ ಎರಡು ಸ್ಕ್ರೂ ಹಾಕಿ ಕೂರಿಸುವ ಉಂಗುರ. ಅದರ ತೂತಿಗೆ ಕಣ್ಣಿಟ್ಟರೆ ಗುರಿ ಸಿಗುತ್ತೆ. ಕಡಲೆಬೀಜದಷ್ಟು ಸಾಮಾನು. ಆದರೆ ಕೂದಲೆಳೆಯಷ್ಟು ಜಾರಿದರೂ ಗುಂಡು ಎಲ್ಲಿಗೋ ಹೋಗುತ್ತೆ. ಮೊದಲನೇ ವರ್ಷವೇ ಒಂದು ಜಾರಿತು. ಗುಂಡು ಜಿಂಕೆಯ ಹೊಟ್ಟೆಗೆ ಬಿತ್ತು. ಆ ಬೇಟೆಗಾರ ಕೈಚೆಲ್ಲಿ ಮನೆಗೆ ಹೋದ, ಎಲ್ವುಡ್ ಹೋಗಲಿಲ್ಲ. ಹಿಮದಲ್ಲಿ ರಕ್ತದ ಜಾಡು ಹಿಡಿದು ಮೂರು ದಿನ ಅಲೆದ. ಸಿಕ್ಕಾಗ ಇನ್ನೂ ಜೀವ ಇತ್ತಂತೆ.

ಅವತ್ತಿನಿಂದ ಅವನದೊಂದು ಕಟ್ಟಳೆ. ಪ್ರತಿ ಪೀಪನ್ನೂ ಕೋವಿಗೆ ಕೂರಿಸಿ, ಮರದ ಕೊಡತಿಯಿಂದ ಏಳು ಸಲ ತಟ್ಟಬೇಕು. ಅಲುಗಿದರೆ ಬಾವಿಗೆ. ರಿಪೇರಿ ಗಿಪೇರಿ ಇಲ್ಲ. ಯಾರಾದರೂ ಕೇಳಿದರೆ, "ಒಂದ್ಸಲ ಜಾರಿದ್ದು ಇನ್ನೊಂದ್ಸಲ ಜಾರಲ್ಲ ಅಂತ ಜಿಂಕೆಗೆ ನೀನು ಹೇಳ್ತೀಯಾ?" ಅನ್ನುತ್ತಿದ್ದ.

ಗಟ್ಟಿಯಾಗಿ ನಿಂತವಕ್ಕೆ ಉಕ್ಕಿನ ಅಚ್ಚಿಟ್ಟು, ಸುತ್ತಿಗೆಯಿಂದ ಒಂದೇ ಪೆಟ್ಟು ಹಾಕಿ ಒಂದು ಗುರುತು ಒತ್ತುತ್ತಿದ್ದ. ಜಿಂಕೆಯ ಗೊರಸು, ಎಳ್ಳುಕಾಳಿನಷ್ಟು. ಆ ಅಚ್ಚಿನ ಎಡಬದಿಯ ತುದಿ ಯಾವಾಗಲೋ ಮುರಿದಿತ್ತು, ಹಾಗೇ ಒತ್ತುತ್ತಿದ್ದ. ಆದರೆ ನೋಡಿ, ತಾನು ಮಾಡಿದ್ದಕ್ಕೆ ಮಾತ್ರ. ವರ್ನಾ ಇಪ್ಪತ್ತಾರು ವರ್ಷ ಅವನ ಪಕ್ಕದಲ್ಲೇ ಲೇತ್ ತಿರುಗಿಸಿದಳು. ಅವಳ ಪೀಪನ್ನು ತಟ್ಟಿ ನೋಡಿ "ಹೂಂ, ನಡೆಯುತ್ತೆ" ಅಂದು ಗುರುತಿಲ್ಲದೆ ಡಬ್ಬಿಗೆ ಹಾಕುತ್ತಿದ್ದ. ಒಂದೇ ಒಂದಕ್ಕೂ ಗೊರಸು ಬೀಳಲಿಲ್ಲ. ಅವನ ಹೆಣದ ಪೆಟ್ಟಿಗೆ ಮುಚ್ಚುವ ಮೊದಲು ಅವಳು ಆ ಅಚ್ಚನ್ನು ಅವನ ಕೋಟಿನ ಜೇಬಿಗೆ ತುರುಕಿ, "ತಗೋ, ನಿನ್ನ ಗೊರಸು ನೀನೇ ಇಟ್ಕೋ" ಅಂದಳು. ಊರೆಲ್ಲ ನೋಡಿದೆ. ನಾನೂ ಅಲ್ಲೇ ನಿಂತಿದ್ದೆ.

ಈಗ ಆ ಭಾನುವಾರದ ಮಾತಿಗೆ ಬರೋಣ, ಮುಂದಿನ ಬುಧವಾರ ಲಾರಿ ಬರಬೇಕಿತ್ತು. ನಗರದ ದೊಡ್ಡ ಬೇಟೆ ಅಂಗಡಿಗೆ ನಾನೂರು ಪೀಪು. ಕೊಟ್ಟರೆ ಕಾರ್ಖಾನೆ ಉಳಿಯುತ್ತೆ, ಇಲ್ಲದಿದ್ದರೆ ಡಿಸೆಂಬರ್‌ನಲ್ಲಿ ಲೇತ್ ಹರಾಜಿಗೆ. ಉಳಿದಿದ್ದವರು ವರ್ನಾ, ಅವಳ ತಮ್ಮ ಡಾಯ್ಲ್, ಇಬ್ಬರೇ. ಸ್ಕ್ರೂ ತೂತು ಕೊರೆಯುವ ಡ್ರಿಲ್ಲಿನ ಮೊನೆ ಸವೆದಿತ್ತು. ಮೂವತ್ತೇಳು ಪೀಪು ಅಲುಗಿದವು.

"ಹಾಕಕ್ಕ ಡಬ್ಬಿಗೆ. ಯಾರು ಬಂದು ತಟ್ಟಿ ನೋಡ್ತಾರೆ?" ಅಂದಿದ್ದ ಡಾಯ್ಲ್.

ಹಾಕಿದ್ದಳು. ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬಿ ಟೇಪೂ ಅಂಟಿಸಿದ್ದಳು. ಈಗ ಬಾವಿಯ ಹತ್ತಿರ ನಿಂತು ಒಂದೊಂದೇ ಎಣಿಸಿದಳು. ಮೂವತ್ತೇಳು ಸಲ. ಆಮೇಲೆ ನಿಂತಿತು.

ಬೆಳಿಗ್ಗೆ ನೋಡಿದರೆ ಪೆಟ್ಟಿಗೆಗಳ ಟೇಪು ಹಾಕಿದ ಹಾಗೇ ಇದೆ. ಕಿತ್ತು ನೋಡಿದರೆ ಒಳಗಿನ ಮೂವತ್ತೇಳು ಡಬ್ಬಿ ಖಾಲಿ. ಸ್ಕ್ರೂ ಪೊಟ್ಟಣಗಳು ಮಾತ್ರ ಇದ್ದಲ್ಲೇ ಇವೆ.

"ಲೋ ಡಾಯ್ಲ್, ತಮಾಷೆ ಮಾಡೋ ಹೊತ್ತೇನೋ ಇದು?"

"ನಿನ್ನಾಣೆ ಅಕ್ಕ, ನಾನಲ್ಲ. ನಾನ್ಯಾಕೆ ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಳ್ಳಲಿ?"

ಸೋಮವಾರ ಇಡೀ ದಿನ ಅದೇ ಸವೆದ ಮೊನೆಯಲ್ಲಿ ಮತ್ತೆ ಮೂವತ್ತೇಳು ಕೊರೆದರು. ತಟ್ಟಿ ನೋಡುವ ಗೋಜಿಗೇ ಹೋಗಲಿಲ್ಲ. ರಾತ್ರಿ ಇಬ್ಬರೂ ಅಲ್ಲೇ ಉಳಿದರು. ವರ್ನಾ ಪೆಟ್ಟಿಗೆಗಳ ಮೇಲೇ ಹಾಸಿಗೆ ಹಾಸಿಕೊಂಡಳು. ದೀಪ ಆರಿಸಿದರು.

ಟಕ್... ಟಕ್... ಟಕ್...

"ಅಕ್ಕಾ..." ಡಾಯ್ಲ್ ಪಿಸುಗುಟ್ಟಿದ.

"ಶ್... ಎಣಿಸು."

"ಏಳು."

ಕತ್ತಲಲ್ಲಿ ಯಾರೋ ಉಸಿರು ಬಿಟ್ಟರು. ಬಾಗಿಲ ತಿರುಗಣೆ ಕಿರ್ರ್... ಅಂತು. ಹೊರಗೆ ಹಿಮದ ಮೇಲೆ ಕರುಕ್, ಕರುಕ್ ಅಂತ ಹೆಜ್ಜೆ. ಆಮೇಲೆ... ಟಿಣ್. ಬುಳುಕ್. ಹೆಜ್ಜೆ ವಾಪಸ್ಸು ಬಂತು. ಮತ್ತೆ ಏಳು ಸಲ. ಕೆಲವು ಸಲ ತಟ್ಟಿ ಸುಮ್ಮನಾಗುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. ಬೆಳಗಿನ ಜಾವದವರೆಗೂ ಇದೇ ಆಯಿತು. ಅವಳ ಕೆಳಗಿನ ಪೆಟ್ಟಿಗೆ ಒಮ್ಮೆಯೂ ಅಲುಗಲಿಲ್ಲ. ಬೆಳಿಗ್ಗೆ ಎಣಿಸಿದರೆ ಹೊಸ ಮೂವತ್ತೇಳರಲ್ಲಿ ಇಪ್ಪತ್ತೆರಡು ಇಲ್ಲ, ಹದಿನೈದು ಇವೆ. ಹೊರಗಿನ ಹಿಮದಲ್ಲಿ ಒಂದು ಹೆಜ್ಜೆ ಗುರುತೂ ಇರಲಿಲ್ಲ.

ಮಂಗಳವಾರ ಡ್ರಿಲ್ಲಿನ ಮೊನೆಯೇ ಮುರಿಯಿತು. ಬುಧವಾರ ಲಾರಿ ಬಂತು. ಇಪ್ಪತ್ತೆರಡು ಕಮ್ಮಿ. ಚಾಲಕ ಅಂಗಡಿಗೆ ಫೋನು ಮಾಡಿದ, ಒಂದು ನಿಮಿಷ ಕೇಳಿಸಿಕೊಂಡ, "ನಾನೂರೂ ಇದ್ದರೆ ಮಾತ್ರ ಬೇಕಂತೆ" ಅಂದ. ಖಾಲಿ ಲಾರಿ ಹಿಂದಕ್ಕೆ ಹೋಯಿತು.

ವರ್ನಾಳ ಸಿಟ್ಟು ನೆತ್ತಿಗೇರಿತು. ಬಾವಿಯ ಕಟ್ಟೆ ಹಿಡಿದು ಒಳಗೆ ಬಗ್ಗಿ ಕೂಗಿದಳು. ಅದು ನಮ್ಮನೆ ಅಡುಗೆಮನೆಗೂ ಕೇಳಿಸಿತು.

"ಸಾಕಾಯ್ತಾ ನಿನಗೆ? ತಂಪಾಯ್ತಾ ಹೊಟ್ಟೆ? ಬದುಕಿದ್ದಾಗ ಒಂದು ಒಳ್ಳೇ ಮಾತಾಡಲಿಲ್ಲ, ಸತ್ತ ಮೇಲೂ ನನ್ನ ಕೈ ಕೆಲಸ ನೀರಿಗೆ ಹಾಕ್ತೀಯಲ್ಲ! ನೀನೇ ಕಟ್ಟಿದ ಕಾರ್ಖಾನೆ ಕಣಪ್ಪಾ ಇದು! ನಿನ್ನದೇ!"

ಮಾರನೇ ದಿನ ನಮ್ಮ ಕಡೆಯ ನವೆಂಬರ್ ಹಬ್ಬದ ಊಟಕ್ಕೆ ಟರ್ಕಿ ಕೋಳಿ ಬೇಯಿಸಿದ್ದಳು, ಅವಳ ತಟ್ಟೆಯಲ್ಲಿ ಒಂದು ತುತ್ತೂ ಕರಗಲಿಲ್ಲ.

ಭಾನುವಾರ ಮಧ್ಯಾಹ್ನ ನಮ್ಮನೆಗೆ ಬಂದು, "ನಿನ್ನ ಹತ್ರ ಒಳ್ಳೇ ಡ್ರಿಲ್ ಮೊನೆ ಇದೆಯಾ?" ಅಂದಳು. ಕೊಟ್ಟೆ.

"ಈಗೇನು ಮಾಡ್ತೀಯೆ? ಆರ್ಡರೇ ಇಲ್ವಲ್ಲ."

"ಒಂದು ಮಾಡ್ತೀನಿ. ಬರೀ ಹಟಕ್ಕೆ."

ಒಂದೇ ಒಂದು ಪೀಪು. ಸಂಜೆವರೆಗೂ ಕೂತು ಮಾಡಿದಳು. ಕೋವಿಗೆ ಕೂರಿಸಿ ಏಳು ಸಲ ತಟ್ಟಿದಳು. ಅಲುಗಲಿಲ್ಲ. ಎಂಟನೇ ಸಲ ಸಿಟ್ಟಿನಿಂದ ತಟ್ಟಿದಳು, ಆಗಲೂ ಅಲುಗಲಿಲ್ಲ. ಬಿಚ್ಚಿ ಮೇಜಿನ ಮೇಲಿಟ್ಟು, "ಇದನ್ನೂ ಬೇಕಾದ್ರೆ ಬಾವಿಗೆ ಹಾಕ್ಕೋ" ಅಂದು ಬೀಗ ಹಾಕಿ ಬಂದಳು. ಆ ರಾತ್ರಿ ಬಾವಿ ಕಡೆಯಿಂದ ಸದ್ದೇ ಬರಲಿಲ್ಲ. ಒಂದೇ ಒಂದು ಸಲ, ಕಾರ್ಖಾನೆ ಒಳಗಿಂದ... ಠಕ್. ಸುತ್ತಿಗೆಯ ಒಂದು ಪೆಟ್ಟು.

ಸೋಮವಾರ ಬೆಳಕು ಹರಿಯಿತು. ಗುಡ್ಡದ ಆಚೆ ಬೇಟೆಯ ಮೊದಲ ಗುಂಡು ಕೇಳಿಸಿತು. ವರ್ನಾ ಬೀಗ ತೆಗೆದಳು. ಪೀಪು ಇಟ್ಟಲ್ಲೇ ಇತ್ತು. ಎತ್ತಿಕೊಂಡಳು. ಬೆಳಕಿಗೆ ಹಿಡಿದಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಈಗಾ?" ಅಂದಳಂತೆ. "ಈಗ ಹಾಕ್ತೀಯಾ ಅಪ್ಪಾ? ಲಾರಿ ಹೋದ ಮೇಲೆ?"

ಡಿಸೆಂಬರ್‌ನಲ್ಲಿ ಲೇತ್ ಹರಾಜಾಯಿತು. ಕಾರ್ಖಾನೆಯಲ್ಲಿ ಈಗ ಯಾರೋ ದೋಣಿ ನಿಲ್ಲಿಸಿದ್ದಾರೆ. ನಂಬೋದು ಬಿಡೋದು ನಿಮಗೆ ಸೇರಿದ್ದು. ಆದರೆ ಆ ಅಚ್ಚು ಅವನ ಕೋಟಿನ ಜೇಬಿಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಪೀಪನ್ನೂ ನೋಡಿದ್ದೇನೆ, ವರ್ನಾಳ ಅಡುಗೆಮನೆ ಕಿಟಕಿಯಲ್ಲಿದೆ, ಹೆಬ್ಬೆರಳು ಆಡಿಸಿ ನೋಡಿದ್ದೇನೆ. ಎಳ್ಳುಕಾಳಿನಷ್ಟು ಗೊರಸು. ಎಡಬದಿಯ ತುದಿ ಮುರಿದಿದೆ.